‘ಗೊತ್ತಿಲ್ಲ’ ಅನ್ನುವ ಮಾತಿಗೆ ಎರಡು ಅರ್ಥ

(ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ನಿವೃತ್ತ ಸರ್ಕಾರಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಯಾವುದಾದರೂ ಕಚೇರಿಯ ಕಿಟಕಿ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ. ‘ಗೊತ್ತಿಲ್ಲ’ ಅಂತಾರೆ. ದಾರಿಯಲ್ಲಿ ಸಿಕ್ಕ ಅಜ್ಜಿಯನ್ನು ಕೇಳಿ. ಅವಳೂ ‘ಗೊತ್ತಿಲ್ಲ ಮಗಾ’ ಅಂತಾಳೆ. ಆದರೆ ಅಜ್ಜಿ ಹಾಗೆ ಹೇಳಿ ಹೊರಟುಹೋಗುವುದಿಲ್ಲ. ಅಲ್ಲೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಅತ್ತಿತ್ತ ನೋಡಿ, ‘ಆ ಅಂಗಡಿ ಹುಡುಗನ್ನ ಕೇಳು, ಅವನಿಗೆ ಗೊತ್ತಿರಬೌದು’ ಅಂತಾಳೆ. ಕಿಟಕಿಯೊಳಗಿನವರು ತಲೆ ಎತ್ತಿಯೂ ನೋಡಿರುವುದಿಲ್ಲ. ಇಬ್ಬರೂ ಆಡಿದ್ದು ಒಂದೇ ಮಾತು.

ಇವತ್ತು ನನಗೆ ಕೊಟ್ಟಿರುವ ವಿಷಯ, ತಿಳಿವಳಿಕೆ ಇಲ್ಲದಿರುವುದು ಹೆಚ್ಚು ಕೆಟ್ಟದ್ದೋ ಕಾಳಜಿ ಇಲ್ಲದಿರುವುದೋ ಅಂತ. ನಾನು ಓದುವಾಗ ಇಂಥ ವಿಷಯಗಳನ್ನು ಚರ್ಚಾಸ್ಪರ್ಧೆಗೆ ಇಡುತ್ತಿದ್ದರು. ಪರ ಇರಲಿ ವಿರೋಧ ಇರಲಿ, ಯಾವ ಕಡೆ ನಿಲ್ಲಿಸಿದರೂ ಮಾತಾಡುತ್ತಿದ್ದೆ. ಒಂದು ಸ್ಟೀಲ್ ಲೋಟ ಬಹುಮಾನ ಬಂದಿದ್ದೂ ಉಂಟು. ಈಗ ಹಾಗೆ ಮಾತಾಡಲು ಬರುವುದಿಲ್ಲ. ನನಗೆ ಗೊತ್ತಿರುವ ಒಂದೇ ಸಂಗತಿ ಹಿಡಿದುಕೊಂಡು ಹೋಗುತ್ತೇನೆ. ಅದು ಹಾವಿನ ಕಡಿತ.

ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಗೊತ್ತಿರುತ್ತದೆ, ನಮ್ಮ ಕಡೆ ‘ಹಾವು ಕಚ್ಚಿತು’ ಅನ್ನುವುದಿಲ್ಲ. ‘ಹುಳ ಮುಟ್ಟಿದೆ’ ಅಂತಾರೆ. ಹೆಸರು ಹೇಳಲಿಕ್ಕೂ ಭಯ, ಭಕ್ತಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬರು ಬಂದು ಹುಳ ಮುಟ್ಟಿದೆ ಅಂದರು. ನಾನು ಯಾವುದೋ ಕಂಬಳಿಹುಳ ಇರಬೇಕು ಅಂದುಕೊಂಡು ಮುಲಾಮು ಹುಡುಕಲು ಹೊರಟಿದ್ದೆ. ಪುಣ್ಯಕ್ಕೆ ಸಿಸ್ಟರ್ ಇದ್ದರು.

1988ರ ಕೊಯ್ಲಿನ ಕಾಲ. ಮಲೆನಾಡಿನ ಅಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ಕತ್ತಲಾದ ಮೇಲೆ ಒಬ್ಬ ಹೆಂಗಸನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದರು. ಗದ್ದೆಯಲ್ಲಿ ಹುಲ್ಲಿನ ಹೊರೆ ಎತ್ತುವಾಗ ಕೊಳಕುಮಂಡಲ ಪಾದಕ್ಕೆ ಕಚ್ಚಿತ್ತು. ಕಚ್ಚಿ ಐದು ಗಂಟೆಯಾಗಿತ್ತು. ಗಂಡ ಮೂರು ಕಡೆ ನೈಲಾನ್ ಹಗ್ಗ ಕಟ್ಟಿದ್ದ. ಪಾದದ ಮೇಲೆ ಒಂದು, ಮೊಣಕಾಲಿನ ಕೆಳಗೆ ಒಂದು, ತೊಡೆಗೆ ಒಂದು. ವಿಷ ಮೇಲೆ ಏರಬಾರದಲ್ಲ, ಅದಕ್ಕೆ. ಮೈದುನ ಹೊಸ ಬ್ಲೇಡು ತಂದು ಕಚ್ಚಿದ ಜಾಗ ಕೊಯ್ದಿದ್ದ. ವಿಷರಕ್ತ ಹೊರಗೆ ಹೋಗಲಿ ಅಂತ. ಕೊಳಕುಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವ ಗುಣವೇ ಹೋಗಿಬಿಡುತ್ತದೆ. ಹಾಗಾಗಿ ಆ ಗಾಯದಿಂದ ರಕ್ತ ನಿಂತೇ ಇರಲಿಲ್ಲ. ಅತ್ತೆ ಅಷ್ಟೊತ್ತಿಗೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು, ಒಂದು ತೊಟ್ಟು ನೀರನ್ನೂ ಕುಡಿದಿರಲಿಲ್ಲ. ದಾರಿಯಲ್ಲಿ ಬೇರು ಅರೆದು ಹಚ್ಚುವವರ ಮನೆಗೂ ಹೋಗಿ ಬಂದಿದ್ದರು.

ಆ ಮನೆಯಲ್ಲಿ ಕಾಳಜಿಗೆ ಏನಾದರೂ ಕೊರತೆ ಇತ್ತಾ ಹೇಳಿ. ಹೊತ್ತು ತಂದ ನಾಲ್ಕು ಜನರ ಹೆಗಲು ಕಿತ್ತುಹೋಗಿತ್ತು. ಆದರೆ ಆ ಹಗ್ಗ ಕಾಲಿಗೆ ರಕ್ತ ಹೋಗದ ಹಾಗೆ ಮಾಡಿತ್ತು. ಪಾದ ಕಪ್ಪಾಗಿತ್ತು. ಹೆಂಗಸು ಬದುಕಿದಳು, ಎರಡು ಬೆರಳು ಹೋದವು. ಬೆರಳು ಹೋಗುವುದರಲ್ಲಿ ವಿಷದ ಪಾಲು ಎಷ್ಟು, ಹಗ್ಗದ ಪಾಲು ಎಷ್ಟು ಅಂತ ನಾನು ಇವತ್ತಿಗೂ ಹೇಳಲಾರೆ.

ಈ ಒಂದು ಕತೆ ಕೇಳಿದರೆ ಯಾರಿಗಾದರೂ ಅಜ್ಞಾನವೇ ದೊಡ್ಡ ಶತ್ರು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ‘ಜನಕ್ಕೆ ತಿಳಿವಳಿಕೆ ಇಲ್ಲ’ ಅಂತ ಹೇಳಿಕೊಂಡು ಆರಾಮಾಗಿದ್ದೆ. ಡಾಕ್ಟರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ.

ಎರಡನೇ ಕತೆ ನನ್ನದು. ಮಾರನೇ ವರ್ಷದ ಮಳೆಗಾಲ. ಇಪ್ಪತ್ತೆರಡು ವರ್ಷದ ಹುಡುಗ. ಹಗ್ಗ ಕಟ್ಟಿರಲಿಲ್ಲ, ಬ್ಲೇಡು ಹಾಕಿರಲಿಲ್ಲ, ಯಾವ ಮಂತ್ರದವರ ಹತ್ತಿರವೂ ಹೋಗಿರಲಿಲ್ಲ. ಸೈಕಲ್ ಹಿಂದೆ ಕೂತು ಅರ್ಧ ಗಂಟೆಯಲ್ಲಿ ನನ್ನ ಮುಂದೆ ಇದ್ದ. ನಾಗರಹಾವು. ರೆಪ್ಪೆ ಜೋತುಬೀಳಲು ಶುರುವಾಗಿತ್ತು. ಮಾತು ಮೂಗಿನಿಂದ ಬರುತ್ತಿತ್ತು. ಅವನು ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿದ್ದ.

ನನ್ನ ಬೀರುವಿನಲ್ಲಿ ಆರು ಸೀಸೆ ಔಷಧ ಇತ್ತು. ಹಾವಿನ ವಿಷಕ್ಕೆ ಇರುವುದು ಅದೊಂದೇ ಮದ್ದು. ಅದು ಹೇಗೆ ಆಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾರೆ. ಕುದುರೆಯ ಮೈ ಅದರ ವಿರುದ್ಧ ಹೋರಾಡುವ ಅಂಶ ತಯಾರು ಮಾಡುತ್ತದೆ. ಆ ಕುದುರೆಯ ರಕ್ತದಿಂದ ಅದನ್ನು ಬೇರ್ಪಡಿಸಿ ಮನುಷ್ಯರಿಗೆ ಕೊಡುವುದು. ಫ್ರಾನ್ಸಿನ ಕಾಲ್ಮೆಟ್ ಅನ್ನುವ ವಿಜ್ಞಾನಿ 1890ರ ದಶಕದಲ್ಲೇ ಈ ದಾರಿ ತೋರಿಸಿಕೊಟ್ಟ. ಅಂದರೆ ನಾನು ಆ ಹುಡುಗನ ಮುಂದೆ ನಿಂತಾಗ ಈ ಜ್ಞಾನಕ್ಕೆ ತೊಂಬತ್ತು ದಾಟಿತ್ತು.

ಕುದುರೆಯದ್ದಾದ್ದರಿಂದ ಕೆಲವರ ಮೈಗೆ ಒಗ್ಗುವುದಿಲ್ಲ. ಮೈಯೆಲ್ಲ ದದ್ದು ಏಳಬಹುದು, ರಕ್ತದೊತ್ತಡ ಕುಸಿಯಬಹುದು, ಉಸಿರು ಕಟ್ಟಬಹುದು. ಹಾಗಾದರೆ ತಕ್ಷಣ ಅಡ್ರಿನಲಿನ್ ಚುಚ್ಚಬೇಕು. ಇದು ಪುಸ್ತಕದಲ್ಲಿ ಓದಿದ್ದು. ಕೈಯಾರೆ ಒಮ್ಮೆಯೂ ಮಾಡಿರಲಿಲ್ಲ. ಔಷಧ ಹಾಕಿ ಹುಡುಗ ಸತ್ತರೆ ಡಾಕ್ಟರು ಕೊಂದರು ಅಂತಾರೆ. ಹಾಕದೆ ಸತ್ತರೆ ಹಾವು ಕೊಂದಿತು ಅಂತಾರೆ. ಈ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಸಿಸ್ಟರ್ ಮೆಲ್ಲಗೆ, ‘ಸಾರ್, ಇರೋ ಆರೂ ಹಾಕಿಬಿಡೋಣ’ ಅಂದರು. ನಾನು ಜಿಲ್ಲಾಸ್ಪತ್ರೆಗೆ ಚೀಟಿ ಬರೆದೆ. ಅರವತ್ತು ಕಿಲೋಮೀಟರ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಆ ರೆಫರ್ ಚೀಟಿ ಅಂಥದ್ದು. ಸತ್ತಿದ್ದು ಹುಡುಗ. ದಾರಿಯಲ್ಲೇ.

‘ನನಗೆ ಗೊತ್ತಿರಲಿಲ್ಲ’ ಅಂತ ತುಂಬಾ ವರ್ಷ ಹೇಳಿಕೊಂಡೆ. ಆ ರಾತ್ರಿಯ ಮಟ್ಟಿಗೆ ಅದು ನಿಜ. ಎಷ್ಟು ಸೀಸೆ, ಎಷ್ಟು ಹೊತ್ತಿನಲ್ಲಿ, ಒಗ್ಗದಿದ್ದರೆ ಯಾವ ಕ್ರಮದಲ್ಲಿ ಏನು ಮಾಡಬೇಕು, ಒಂದೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಮಾರನೇ ದಿನ? ಮಾರನೇ ವಾರ? ಜಿಲ್ಲಾ ಕೇಂದ್ರದಲ್ಲಿ ಇದನ್ನು ಬಲ್ಲ ವೈದ್ಯರು ಇದ್ದರು. ಬಸ್ಸಿಗೆ ಎಷ್ಟು ಖರ್ಚಾಗುತ್ತಿತ್ತು! ಹೋಗಲಿಲ್ಲ. ಸುಮ್ನೆ ಹೋಗಲಿಲ್ಲ. ಆಮೇಲೂ ಎರಡು ವರ್ಷ ಬಂದವರಿಗೆಲ್ಲ ಚೀಟಿ ಬರೆದುಕೊಟ್ಟೆ. ಎಷ್ಟು ಜನಕ್ಕೆ ಅಂತ ಕೇಳಬೇಡಿ, ಲೆಕ್ಕ ಇಟ್ಟಿಲ್ಲ.

ಮೊದಲ ರಾತ್ರಿ ನನ್ನಲ್ಲಿದ್ದದ್ದು ಅಜ್ಞಾನ. ಎರಡನೇ ವರ್ಷವೂ ನನಗೆ ಗೊತ್ತಿರಲಿಲ್ಲ ನಿಜ, ಆದರೆ ಅದನ್ನು ಅಜ್ಞಾನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಲಿನ ಹಾಗೆ ಅಜ್ಞಾನವೂ ಸ್ವಲ್ಪ ಹೊತ್ತು ಮಾತ್ರ ಅಜ್ಞಾನವಾಗಿ ಉಳಿಯುತ್ತದೆ. ಹಾಗೇ ಬಿಟ್ಟರೆ ಬೇರೆ ಏನೋ ಆಗುತ್ತದೆ.

ನಾನು ಕಲಿತದ್ದು ಯಾವುದೋ ಪಶ್ಚಾತ್ತಾಪದಿಂದ ಅಲ್ಲ. ಹಾಗೆ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಸುಳ್ಳು. ವರ್ಗಾವಣೆಯಾಗಿ ತಾಲ್ಲೂಕು ಆಸ್ಪತ್ರೆಗೆ ಹೋದೆ. ಅಲ್ಲಿ ನನಗಿಂತ ಆರು ವರ್ಷ ಚಿಕ್ಕವರಾದ ವೈದ್ಯೆಯೊಬ್ಬರಿದ್ದರು. ಸೇರಿದ ಮೂರನೇ ದಿನ ಅವರು ಕೇಳಿದರು, ‘ಸಾರ್, ನಿಮ್ಮ ಪಿಎಚ್‌ಸಿಗೆ ಹೋದ ವರ್ಷ ಎಷ್ಟು ಜನ ಬಂದಿದ್ರು, ಹಾವು ಕಚ್ಚಿ?’ ಗೊತ್ತಿಲ್ಲ ಅಂದೆ. ಅವರೇನೂ ಅನ್ನಲಿಲ್ಲ. ಟೇಬಲಿನ ಡ್ರಾಯರ್‌ನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಕಚ್ಚಿದ ಹೊತ್ತು, ಆಸ್ಪತ್ರೆಗೆ ಬಂದ ಹೊತ್ತು, ಎಷ್ಟು ಸೀಸೆ, ಏನಾಯಿತು. ಇಷ್ಟೇ. ರೂಲು ಎಳೆದ ಮಾಮೂಲಿ ನೋಟ್‌ಬುಕ್. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೊಟ್ಟೆಕಿಚ್ಚು ಅನ್ನುವುದೇ ಸರಿ. ಕಿರಿಯರಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ ಅಂತ. ಅಂತೂ ಕಲಿತೆ.

ಕಲಿಯಲು ಏನಿತ್ತು ಅಂತ ನೋಡಿ. ಇಗೋ, ಇದನ್ನು ತಂದಿದ್ದೇನೆ, ಒಬ್ಬೊಬ್ಬರಾಗಿ ನೋಡಿ ಮುಂದಕ್ಕೆ ಕೊಡಿ. ಗಾಜಿನ ಟೆಸ್ಟ್ ಟ್ಯೂಬು, ನಿಮ್ಮ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇರುವಂಥದ್ದೇ. ಇದರಲ್ಲಿ ಎರಡು ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಬಾಗಿಸಬೇಕು. ರಕ್ತ ಗಟ್ಟಿಯಾಗಿದ್ದರೆ ಸದ್ಯಕ್ಕೆ ಸರಿ. ನೀರಿನ ಹಾಗೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ, ಔಷಧ ಹಾಕಲೇಬೇಕು. ಯಂತ್ರ ಬೇಡ, ಕರೆಂಟು ಬೇಡ. ಪ್ಲಾಸ್ಟಿಕ್ಕಿನದ್ದು ಆಗುವುದಿಲ್ಲ, ಗಾಜೇ ಆಗಬೇಕು. ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬಾದರೂ ಫಲಿತಾಂಶ ತಪ್ಪುತ್ತದೆ. ಇಂಥ ಪುಟ್ಟ ಪುಟ್ಟ ಸಂಗತಿಗಳೇ. ಔಷಧ ಶುರು ಮಾಡುವುದು ಎಂಟರಿಂದ ಹತ್ತು ಸೀಸೆಯಿಂದ, ಒಂದು ಎರಡರಿಂದಲ್ಲ. ಅಡ್ರಿನಲಿನ್ ಮೊದಲೇ ಸಿರಿಂಜಿಗೆ ತುಂಬಿ ಪಕ್ಕದಲ್ಲಿಟ್ಟುಕೊಳ್ಳಬೇಕು. ಆಗೆಲ್ಲ ಮೊದಲು ಚರ್ಮಕ್ಕೆ ಒಂದು ತೊಟ್ಟು ಚುಚ್ಚಿ ಪರೀಕ್ಷೆ ಮಾಡುತ್ತಿದ್ದೆವು. ಅದರಿಂದ ಏನೂ ತಿಳಿಯುವುದಿಲ್ಲ, ಹೊತ್ತು ಹಾಳು ಅಂತ ಈಗ ಬಿಟ್ಟಿದ್ದಾರೆ. ಎಲ್ಲ ಸೇರಿ ಕಲಿಯಲು ನನಗೆ ಎರಡು ಮಧ್ಯಾಹ್ನ ಹಿಡಿಯಿತು. ಎರಡು ವರ್ಷ ಕಲಿಯದೆ ಇದ್ದದ್ದು ಎರಡು ಮಧ್ಯಾಹ್ನದ ವಿದ್ಯೆ.

ಆ ನೋಟ್‌ಬುಕ್ಕಿಗೆ ಮತ್ತೆ ಬರುತ್ತೇನೆ. ಯಾಕೆಂದರೆ ನನ್ನೊಬ್ಬನ ಕತೆ ಇಡೀ ದೇಶದ ಕತೆಯೂ ಹೌದು.

ಭಾರತದಲ್ಲಿ ವರ್ಷಕ್ಕೆ ಎಷ್ಟು ಜನ ಹಾವು ಕಚ್ಚಿ ಸಾಯುತ್ತಾರೆ? ಬಹಳ ಕಾಲ ಸರ್ಕಾರಿ ಲೆಕ್ಕ ಒಂದೆರಡು ಸಾವಿರದ ಆಸುಪಾಸಿನಲ್ಲೇ ಇತ್ತು. ಅದು ಆಸ್ಪತ್ರೆಯಲ್ಲಿ ಸತ್ತವರ ಲೆಕ್ಕ. ಆಮೇಲೆ ಹತ್ತು ಲಕ್ಷ ಸಾವುಗಳ ಅಧ್ಯಯನ ಅಂತ ಒಂದು ದೊಡ್ಡ ಕೆಲಸ ನಡೆಯಿತು. ಅದರಲ್ಲಿ ಆಸ್ಪತ್ರೆಗೆ ಹೋಗಿ ಕೇಳಲಿಲ್ಲ, ಮನೆಮನೆಗೆ ಹೋದರು. ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡರು, ಹೇಗೆ, ಕೊನೆಯ ದಿನ ಏನಾಯಿತು, ನಿಮ್ಮ ಮಾತಿನಲ್ಲೇ ಹೇಳಿ ಅಂತ ಬರೆದುಕೊಂಡರು. ಆ ಬರಹವನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಸಾವಿನ ಕಾರಣ ಗುರುತಿಸಿದರು. 2011ರಲ್ಲಿ ಲೆಕ್ಕ ಹೊರಬಂತು. 2005ನೇ ಒಂದೇ ವರ್ಷದಲ್ಲಿ ಸುಮಾರು 45,900 ಸಾವು. 2020ರಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. 2000ದಿಂದ 2019ರವರೆಗೆ ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000.

ಒಂದೆರಡು ಸಾವಿರ ಎಲ್ಲಿ, 58 ಸಾವಿರ ಎಲ್ಲಿ! ಉಳಿದವರು ಎಲ್ಲಿ ಹೋಗಿದ್ದರು? ಮನೆಯಲ್ಲಿ, ಗದ್ದೆಯ ಬದುವಿನಲ್ಲಿ, ಜೀಪಿನಲ್ಲಿ ಸತ್ತಿದ್ದರು. ಮೊದಲ ಅಧ್ಯಯನದ ಪ್ರಕಾರ ನಾಲ್ವರಲ್ಲಿ ಮೂವರು ಆಸ್ಪತ್ರೆಯ ಹೊರಗೇ ಸತ್ತವರು. ಹೆಚ್ಚುಕಡಿಮೆ ಎಲ್ಲರೂ ಹಳ್ಳಿಯವರು. ಸಾವಿನಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಉಳುವ ನೆಡುವ ಹೊತ್ತಿನಲ್ಲಿ.

ಇಲ್ಲಿ ನಿಮ್ಮಲ್ಲಿ ಒಬ್ಬರು ಕೇಳಬಹುದು, ಸಾರ್, ಸರ್ಕಾರಕ್ಕೆ ಗೊತ್ತಿರಲಿಲ್ಲ, ಅದು ಅಜ್ಞಾನ ಅಲ್ವಾ ಅಂತ. ಅದಕ್ಕೇ ಇನ್ನೊಂದು ಲೆಕ್ಕ ಕೊಡುತ್ತೇನೆ. ಕಲ್ಕತ್ತಾದಲ್ಲಿ ಜೋಸೆಫ್ ಫೇರರ್ ಅಂತ ಒಬ್ಬ ಇಂಗ್ಲಿಷ್ ವೈದ್ಯನಿದ್ದ. ಅವನು ಜಿಲ್ಲೆ ಜಿಲ್ಲೆಗಳಿಂದ ವರದಿ ತರಿಸಿ 1869ನೇ ವರ್ಷದ ಲೆಕ್ಕ ಹಾಕಿದ. ದೇಶದ ಒಂದು ಭಾಗದಿಂದಲೇ ಹನ್ನೊಂದು ಸಾವಿರಕ್ಕೂ ಜಾಸ್ತಿ ಸಾವು. ಆಗ ರೈಲು ಬಂದು ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಬ್ರಿಟಿಷರು ನಮ್ಮ ಮೇಲಿನ ಪ್ರೀತಿಗೆ ಎಣಿಸಿದರು ಅಂತ ನಾನು ಹೇಳುತ್ತಿಲ್ಲ. ಅವರು ಮಾಡಿದ್ದೇನು, ಸತ್ತ ಹಾವಿಗೆ ಬಹುಮಾನ ಕೊಟ್ಟರು. ಆದರೂ ಎಣಿಸಿದರೆ ಸಿಗುತ್ತದೆ ಅನ್ನುವುದು ಆಗಲೇ ಗೊತ್ತಿತ್ತು. ಅದಾದ ಮೇಲೆ ನೂರಕ್ಕೂ ಹೆಚ್ಚು ವರ್ಷ ನಮಗೆ ಗೊತ್ತಿಲ್ಲದೆ ಇದ್ದದ್ದು ಯಾರೂ ಮನೆ ಬಾಗಿಲಿಗೆ ಹೋಗಿ ಕೇಳಲಿಲ್ಲ ಅಂತ. ನನ್ನ ಪಿಎಚ್‌ಸಿಯಲ್ಲಿ ನೋಟ್‌ಬುಕ್ ಇರಲಿಲ್ಲವಲ್ಲ, ಹಾಗೆ.

ಹಾವಿನ ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಒಂದು ಪಟ್ಟಿಗೆ ಸೇರಿಸಿತು. ಆ ಪಟ್ಟಿಯ ಹೆಸರು ಕೇಳಿ: ‘ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳು’. ಗೊತ್ತಿಲ್ಲದ ಕಾಯಿಲೆಗಳು ಅಂತ ಇಟ್ಟಿಲ್ಲ ನೋಡಿ. ಅಷ್ಟರ ಮಟ್ಟಿಗೆ ಪ್ರಾಮಾಣಿಕವಾದ ಹೆಸರು.

ಯಾವುದರ ಬಗ್ಗೆ ಲೋಕಕ್ಕೆ ಕಾಳಜಿ ಹುಟ್ಟುತ್ತದೆ, ಯಾವುದರ ಬಗ್ಗೆ ಇಲ್ಲ? ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ನಿಮಗೆಲ್ಲ ಗೊತ್ತು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ದೊಡ್ಡ ದೊಡ್ಡ ವಿಜ್ಞಾನಿಗಳು ಓಡಿಬಂದರು. ಆ ವರ್ಷವೇ ವೈರಸ್ಸನ್ನು ಹಿಡಿದರು. ಉಣುಗಿನಿಂದ ಹರಡುತ್ತದೆ ಅನ್ನುವುದೂ ಬೇಗ ತಿಳಿಯಿತು. ಆ ಕಾಲಕ್ಕೆ ಅದು ಅದ್ಭುತವಾದ ವೇಗ. ಯಾಕೆ ಅಷ್ಟು ಅವಸರ? ಮಂಗ ಸಾಯುತ್ತಿದೆ ಅಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿದೆಯೇನೋ ಅನ್ನುವ ಭಯ. ಹಳದಿ ಜ್ವರವಾದರೆ ಪೇಟೆಗೂ ಬರುತ್ತದೆ, ಹಡಗನ್ನೂ ಹತ್ತುತ್ತದೆ. ಅದಲ್ಲ ಅಂತ ಖಚಿತವಾಯಿತು. ಕಾಯಿಲೆ ಕಾಡಂಚಿನ ಕೂಲಿಯವರದ್ದು, ದನ ಮೇಯಿಸುವವರದ್ದು, ಸೌದೆಗೆ ಹೋಗುವವರದ್ದು ಅಂತಲೂ ಗೊತ್ತಾಯಿತು. ಆಮೇಲೆ ಅವಸರ ಕಡಿಮೆಯಾಯಿತು. ಲಸಿಕೆ ಬಂತು, ಅದಕ್ಕೆ ಬಲ ಸಾಲದು ಅಂತ ತಿಳಿಯಿತು, ಕೊನೆಗೆ ನಿಂತೂ ಹೋಯಿತು. ಹೊಸದು ಈಗ ತಯಾರಾಗುತ್ತಿದೆ. ಆರು ದಶಕ ದಾಟಿದೆ.

ಹಾವಿಗೆ ಆ ಮೊದಲ ಭಯದ ಲಾಭವೂ ಇಲ್ಲ. ಕೊಳಕುಮಂಡಲ ರೈಲು ಹತ್ತಿ ಬೆಂಗಳೂರಿಗೆ ಬಂದು ಯಾರಿಗೂ ಅಂಟುವುದಿಲ್ಲ.

ನಿಜವಾದ ಅಜ್ಞಾನ ಇಲ್ಲವೇ ಇಲ್ಲ ಅಂತ ನಾನು ಹೇಳಿದರೆ ತಪ್ಪಾಗುತ್ತದೆ. ಘಟ್ಟದ ಕಾಡು, ಕಾಫಿ ತೋಟ, ರಬ್ಬರ್ ತೋಟಗಳಲ್ಲಿ ಒಂದು ಗಿಡ್ಡ ಮಂಡಲ ಇದೆ. ಮೂತಿಯ ತುದಿ ಮೇಲಕ್ಕೆ ಎದ್ದಿರುತ್ತದೆ, ಒಣ ಎಲೆಯ ಬಣ್ಣ. ಅದು ಕಚ್ಚಿ ಬಂದವರನ್ನು ಬಹಳ ಕಾಲ ಗರಗಸ ಮಂಡಲವೋ ಕೊಳಕುಮಂಡಲದ ಮರಿಯೋ ಕಚ್ಚಿದೆ ಅಂದುಕೊಂಡೇ ನೋಡಿದೆವು. ಔಷಧ ಹಾಕುತ್ತಿದ್ದೆವು, ನಾಟುತ್ತಿರಲಿಲ್ಲ. ಯಾಕೆ ಅಂತ ತಿಳಿಯುತ್ತಿರಲಿಲ್ಲ. ಅದೇ ಬೇರೆ ಹಾವು, ಅದರಿಂದ ಸಾವೂ ಬರಬಹುದು, ನಮ್ಮ ಔಷಧ ಅದಕ್ಕೆ ಆಗುವುದಿಲ್ಲ ಅಂತ ಕೇರಳದ ವೈದ್ಯರು ಈ ಶತಮಾನದ ಮೊದಲ ದಶಕದಲ್ಲಿ ತೋರಿಸಿಕೊಟ್ಟರು. ನಾವು ಅಷ್ಟು ದಿನ ನಿಜಕ್ಕೂ ಅರಿಯದೆ ಇದ್ದೆವು. ಕಾಳಜಿ ಇದ್ದವರೂ ಸೋತರು. ಅಲ್ಲಿ ನಾನು ಯಾರನ್ನೂ ಬೈಯುವುದಿಲ್ಲ.

ಆದರೆ ಅದೂ ಎಲ್ಲಿವರೆಗೆ? ನಮ್ಮ ಔಷಧ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ತಯಾರಾದದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ, ಚೆನ್ನೈ ಹತ್ತಿರದ ಹಾವುಗಳಿಂದ. ಇರುಳರು ಹಿಂದೆ ಹಾವಿನ ಚರ್ಮಕ್ಕೆ ಹಾವು ಹಿಡಿಯುತ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬಂದು ಆ ವ್ಯಾಪಾರ ನಿಂತಿತು. 1978ರಲ್ಲಿ ಸಂಘ ಕಟ್ಟಿಕೊಂಡು, ಹಾವು ಹಿಡಿದು, ವಿಷ ತೆಗೆದು, ವಾಪಸ್ ಕಾಡಿಗೆ ಬಿಡುತ್ತಾರೆ. ದೇಶದ ಎಷ್ಟು ಜೀವ ಆ ಕೈಗಳಿಗೆ ಋಣಿಯೋ! ಆದರೆ ಒಂದೇ ಜಾತಿಯ ಹಾವಾದರೂ ಚೆನ್ನೈ ಹತ್ತಿರದ್ದರ ವಿಷ ಬೇರೆ, ರಾಜಸ್ಥಾನದ್ದರ ವಿಷ ಬೇರೆ ಇರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯ ಇದನ್ನು ಪರೀಕ್ಷೆ ಮಾಡಿ ತೋರಿಸಿದೆ. ಕೆಲವು ಕಡೆಯ ವಿಷಕ್ಕೆ ಈಗಿನ ಔಷಧ ತೀರಾ ಕಡಿಮೆ ಕೆಲಸ ಮಾಡುತ್ತದೆ ಅಂತ. ಇವತ್ತು ಇದು ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಇನ್ನು ಮುಂದೆ ‘ಗೊತ್ತಿರಲಿಲ್ಲ’ ಅನ್ನುವವರು ಆ ನನ್ನ ಎರಡನೇ ವರ್ಷಕ್ಕೆ ಬಂದಿದ್ದಾರೆ ಅಂತ ಲೆಕ್ಕ.

ತಿಳಿವಳಿಕೆ ಇದ್ದು ಕಾಳಜಿ ಇಲ್ಲದಿದ್ದರೆ ಹೇಗಿರುತ್ತದೆ ಅನ್ನುವುದಕ್ಕೆ ಗೋಡೆಗೆ ಅಂಟಿಸುವ ಪೋಸ್ಟರ್ ನೋಡಿ. ‘ಹೊಲ ಗದ್ದೆಗೆ ಹೋಗುವಾಗ ಬೂಟು ಧರಿಸಿ’. ಮಾತು ಸರಿಯೇ. ಬರೆದವರು ಒಮ್ಮೆ ನಾಟಿ ಗದ್ದೆಗೆ ಇಳಿದಿದ್ದರೆ ಚೆನ್ನಾಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಬೂಟು ಹಾಕಿಕೊಂಡು ನಿಂತರೆ ಕಾಲು ಮೇಲೆ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಅದೇ ಪೋಸ್ಟರಿನಲ್ಲಿ ‘ರಾತ್ರಿ ಬಚ್ಚಲಿಗೆ ಹೋಗುವಾಗ ಟಾರ್ಚು ಹಿಡಿಯಿರಿ, ನೆಲದ ಮೇಲೆ ಮಲಗುವುದಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ’ ಅಂತ ಬರೆಯಬಹುದಿತ್ತು. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ಹಾಗೆ ನೆಲದಲ್ಲಿ ಮಲಗಿದವರಿಗೇ. ನೋವೂ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ನಡುರಾತ್ರಿ ಹೊಟ್ಟೆನೋವು ಅಂತ ಏಳುತ್ತಾರೆ. ಓಮ ತಿನ್ನಿಸಿ ಮಲಗಿಸುತ್ತಾರೆ. ಬೆಳಿಗ್ಗೆ ಕಣ್ಣು ಬಿಡಲು ಆಗುವುದಿಲ್ಲ.

ಕಟ್ಟುಹಾವಿನ ಮಾತು ಬಂತು, ಹಾಗಾಗಿ ಜೀಪಿನ ಕತೆ ಹೇಳಲೇಬೇಕು. ನನ್ನ ಇಷ್ಟು ಹೊತ್ತಿನ ವಾದವನ್ನೆಲ್ಲ ತಲೆಕೆಳಗು ಮಾಡುವ ಕತೆ. 108 ಬರುವುದಕ್ಕೆ ಮೊದಲಿನ ಕಾಲ. ಹತ್ತು ವರ್ಷದ ಹುಡುಗ, ರಾತ್ರಿ ಎರಡು ಗಂಟೆ. ಜೊತೆಗೆ ಸೋದರಮಾವ. ಮಾವನಿಗೆ ದಾರಿಯಲ್ಲಿ ವಿಷ ಇಳಿಸುವವರ ಮನೆ ಹತ್ತಿರ ನಿಲ್ಲಿಸಬೇಕು ಅಂತ. ಮೊದಲು ಅವರದ್ದೇ ಮನೆಯಲ್ಲಿ ಇಬ್ಬರು ಅಲ್ಲಿ ಗುಣವಾಗಿದ್ದರಂತೆ. ಗುಣವಾಗಿರುತ್ತಾರೆ ಬಿಡಿ. ನಮ್ಮಲ್ಲಿ ಕಚ್ಚುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇರುವುದಿಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಇಳಿಸದೆ ಬರೀ ಹಲ್ಲೂರಿ ಬಿಡುತ್ತದೆ. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ ಅಂತಾರೆ. ತಾನಾಗೇ ಉದುರುವ ಮರದ ಕೆಳಗೆ ನಿಂತು ಮಂತ್ರ ಹೇಳಿದರೆ ಉದುರುತ್ತದೆ! ಇರಲಿ. ಜೀಪಿನ ಡ್ರೈವರ್ ಮಹಾ ಸಿಡುಕ. ದುಡ್ಡು ಮೊದಲೇ ಎಣಿಸಿಕೊಂಡಿದ್ದ. ‘ನಂಗೆ ಬೆಳಿಗ್ಗೆ ಆರಕ್ಕೆ ಮದುವೆ ಬಾಡಿಗೆ ಐತೆ, ಎಲ್ಲೂ ನಿಲ್ಸಲ್ಲ’ ಅಂದು ನೇರ ಆಸ್ಪತ್ರೆ ಗೇಟಿಗೆ ತಂದು ಇಳಿಸಿ, ತಿರುಗಿಯೂ ನೋಡದೆ ಹೋದ. ಹುಡುಗನ ಹೆಸರನ್ನೂ ಕೇಳಲಿಲ್ಲ.

ಆ ರಾತ್ರಿ ಹುಡುಗನನ್ನು ಉಳಿಸಿದ್ದು ಯಾರು? ಪ್ರೀತಿಯ ಮಾವ ಅಲ್ಲ, ಆ ಸಿಡುಕ. ಅವನಿಗೆ ಕಾಳಜಿ ಇರಲಿಲ್ಲ, ವಿಶೇಷ ತಿಳಿವಳಿಕೆಯೂ ಇರಲಿಲ್ಲ. ಅವನ ಅಸಡ್ಡೆ ಸರಿಯಾದ ದಾರಿಯಲ್ಲಿ ಓಡಿತು, ಅಷ್ಟೆ. ಹಾಗಾಗಿ ಒಂದು ರಾತ್ರಿಯ ಲೆಕ್ಕ ಕೇಳಿದರೆ ನಾನು ಒಪ್ಪುತ್ತೇನೆ. ಕಾಳಜಿ ಇರುವ ತಿಳಿಗೇಡಿಗಿಂತ ಕಾಳಜಿ ಇಲ್ಲದ ಡ್ರೈವರ್ ವಾಸಿ.

ಕತೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕು ಗಂಟೆಗೆ ಹುಡುಗನ ಉಸಿರಾಟ ನಿಲ್ಲುತ್ತಾ ಬಂತು. ಕಟ್ಟುಹಾವಿನ ವಿಷಕ್ಕೆ ಸ್ನಾಯುಗಳು ಸೋಲುತ್ತವೆ. ಔಷಧ ಹಾಕಿದರೂ ಸೋತ ಸ್ನಾಯು ತಕ್ಷಣ ಏಳುವುದಿಲ್ಲ. ಅಲ್ಲಿಯವರೆಗೆ ಯಾರಾದರೂ ಅವನ ಪರವಾಗಿ ಉಸಿರಾಡಬೇಕು. ನಮ್ಮಲ್ಲಿ ಉಸಿರಾಟದ ಯಂತ್ರ ಇರಲಿಲ್ಲ. ರಬ್ಬರಿನ ಚೀಲ ಇತ್ತು, ಆಂಬು ಬ್ಯಾಗ್ ಅಂತಾರೆ. ಮುಖಕ್ಕೆ ಅದರ ಮಾಸ್ಕ್ ಹಿಡಿದು ಒತ್ತುತ್ತಾ ಇರಬೇಕು, ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಲ, ನಿಲ್ಲಿಸುವ ಹಾಗಿಲ್ಲ. ಇದ್ದವರು ನಾನು, ಒಬ್ಬ ಸಿಸ್ಟರ್, ಒಬ್ಬ ಅಟೆಂಡರ್. ಸಿಸ್ಟರ್ ಆ ಮಾವನನ್ನು ಕರೆದು, ಕೈ ಹಿಡಿದು ತೋರಿಸಿಕೊಟ್ಟರು. ಎದೆ ಮೇಲೆ ಏಳಬೇಕು, ಇಳಿಯಬೇಕು, ನಿಮ್ಮ ಉಸಿರಿನ ಜೊತೆ ಒತ್ತಿ ಅಂದರು. ಐದು ನಿಮಿಷದ ಪಾಠ. ಮಂತ್ರದವರ ಮನೆಗೆ ಕರೆದೊಯ್ಯಲು ಹೊರಟಿದ್ದ ಅದೇ ಮನುಷ್ಯ ಬೆಳಗಿನವರೆಗೆ ಒತ್ತಿದ. ನಾವು ಬಿಡಿಸಿಕೊಳ್ಳಲು ಹೋದರೆ ಚೀಲ ಕೊಡುತ್ತಿರಲಿಲ್ಲ. ಜಿಲ್ಲಾಸ್ಪತ್ರೆಗೆ ವ್ಯಾನಿನಲ್ಲಿ ಹೋಗುವಾಗಲೂ ಅವನೇ ಒತ್ತಿದ. ಅವನ ಬೆರಳು ಊದಿ ಬಾಳೆಕಾಯಿಯ ಹಾಗಾಗಿದ್ದವಂತೆ. ಆ ಹೊತ್ತಿಗೆ ಡ್ರೈವರ್ ಮದುವೆ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ.

ಮಾವನಿಗೆ ಇಲ್ಲದ್ದನ್ನು ಸಿಸ್ಟರ್ ಐದು ನಿಮಿಷದಲ್ಲಿ ಕೊಟ್ಟರು. ಡ್ರೈವರಿಗೆ ಇಲ್ಲದ್ದನ್ನು ಯಾವ ಸಿಸ್ಟರ್ ಎಷ್ಟು ನಿಮಿಷದಲ್ಲಿ ಕೊಡಬಹುದು? ನನ್ನ ಕೈಯಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ನನಗೇ ಅದನ್ನು ಯಾರೂ ಕೊಡಲಿಲ್ಲ. ಹೊಟ್ಟೆಕಿಚ್ಚಿನ ದಾರಿಯಲ್ಲಿ ಹೇಗೋ ಬಂತು. ಹಾಗಾಗಿ ಕಾಳಜಿ ಇಲ್ಲದವರೆಲ್ಲ ಕಲ್ಲೆದೆಯವರು ಅಂತ ನಾನು ನಂಬುವುದಿಲ್ಲ. ಹೆಚ್ಚಿನವರು ಹೆದರಿದವರು. ಅಥವಾ ಕೇಳುವವರು ಯಾರೂ ಇಲ್ಲದವರು.

ಕೇಳುವುದರಿಂದ ಏನಾಗುತ್ತದೆ ಅಂತ ನಮ್ಮ ರಾಜ್ಯದಲ್ಲೇ ಈಚೆಗೆ ನೋಡಿದೆವು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಸರ್ಕಾರಿ ಇರಲಿ ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಹೇಳಲೇಬೇಕು. ಹಿಂದಿನ ವರ್ಷ ರಾಜ್ಯದ ಲೆಕ್ಕದಲ್ಲಿ ಸಾವು ಇಪ್ಪತ್ತಕ್ಕಿಂತ ಕಡಿಮೆ ಇತ್ತು. 2024ರಲ್ಲಿ ನೂರು ದಾಟಿತು. ಹಾವುಗಳಿಗೆ ಒಂದೇ ವರ್ಷದಲ್ಲಿ ಏನೂ ಸಿಟ್ಟು ಬಂದಿರಲಿಲ್ಲ. ನೋಟ್‌ಬುಕ್ ಬಂತು, ಅಷ್ಟೆ. ಆ ನೂರು ಕೂಡ ಪೂರ್ತಿ ಲೆಕ್ಕ ಅಲ್ಲ ಅಂತ ನನ್ನ ಅನುಮಾನ. ಮನೆಯಲ್ಲೇ ಹೋದವರು ಇನ್ನೂ ಹೊರಗೇ ಇದ್ದಾರೆ. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವೂ ಒಂದು ಯೋಜನೆ ಹೊರಡಿಸಿದೆ. 2030ರ ಹೊತ್ತಿಗೆ ಸಾವನ್ನು ಅರ್ಧಕ್ಕೆ ಇಳಿಸುತ್ತೇವೆ ಅಂತ. ನೋಡೋಣ.

ಹೋದ ವರ್ಷ ಇನ್ನೊಂದು ಕಾಲೇಜಿನಲ್ಲಿ ಇದನ್ನೇ ಮಾತಾಡಿದ್ದೆ. ಮುಗಿದ ಮೇಲೆ ಒಬ್ಬ ಹುಡುಗ ಬಂದು, ನಾವೇನು ಮಾಡಬೇಕು ಸಾರ್ ಅಂತ ಕೇಳಿದ. ನಿನ್ನ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ವಿಷಯ ಕೇಳಿಕೊಂಡು ಬಾ ಅಂದೆ. ಹಾವಿನ ಔಷಧ ಎಷ್ಟು ಸೀಸೆ ಇದೆ, ಅದರ ಅವಧಿ ಯಾವಾಗ ಮುಗಿಯುತ್ತದೆ, ರಾತ್ರಿ ಹೊತ್ತು ಅದನ್ನು ಹಾಕಲು ಬರುವವರು ಯಾರಿದ್ದಾರೆ. ಎರಡು ವಾರ ಬಿಟ್ಟು ಅವನ ಫೋನ್ ಬಂತು.

‘ಕೇಳಿದೆ ಸಾರ್. ಗೊತ್ತಿಲ್ಲ ಅಂದ್ರು.’

‘ಯಾವ ಥರದ ಗೊತ್ತಿಲ್ಲಪ್ಪಾ? ತಲೆ ಎತ್ತಿ ಅಂದ್ರಾ, ಎತ್ತದೆ ಅಂದ್ರಾ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, ‘ಎತ್ಲಿಲ್ಲ ಸಾರ್. ಆದ್ರೆ ಹೊರಗೆ ಬರೋವಾಗ ಒಬ್ರು ಸಿಸ್ಟರ್ ಹಿಂದೆ ಬಂದು, ಸೋಮವಾರ ಬಾ, ನಾನೇ ಬೀರು ತೆಗೆದು ಎಣಿಸಿ ಇಟ್ಟಿರ್ತೀನಿ ಅಂದ್ರು.’